ಯಾರೂ ಇಲ್ಲದ ಜಾಗಾ

ಶಿವಪುತ್ರನ ಸಂಸಾರದಲ್ಲಿ ಈ ಗದ್ದಲ ಎದ್ದದ್ದು ಒಂದು ತುತ್ತು ರೊಟ್ಟಿಯಿಂದ. ಬುಧವಾರ ಮಧ್ಯಾಹ್ನ ಮೂರರ ಸುಮಾರು, ಮನೆಯವರದೆಲ್ಲ ಊಟ ಮುಗಿದ ಮೇಲೆ ಅವನ ಹೆಂಡತಿ ದಾನೇಶ್ವರಿ ಅಡುಗೆಮನೆಯಲ್ಲಿ ಒಬ್ಬಳೇ ತಾಟು ಹಾಕಿಕೊಂಡು ಕೂತಿದ್ದಳು. ಮೊದಲ ತುತ್ತು ಇನ್ನೇನು ಬಾಯಿಗೆ ಹೋಗಬೇಕು, ಹಿತ್ತಲ ಬಾಗಿಲಿನಿಂದ ಬಾಜೂಮನೆಯ ಉದ್ದವ್ವ ಕತ್ತು ಚಾಚಿ, ಏನು ಪಲ್ಯ ಮಾಡೀಯವ್ವಾ ಅಂತ ಕೇಳಿದಳು. ದಾನೇಶ್ವರಿ ತುತ್ತನ್ನು ತಾಟಿಗೆ ವಾಪಸು ಇಟ್ಟು, ಎದ್ದು ಕೈ ತೊಳೆದುಕೊಂಡಳು.

ಉದ್ದವ್ವ ಕೆಟ್ಟವಳಲ್ಲ. ಹುಕ್ಕೇರಿಯ ಆ ಓಣಿಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಮದುವೆಯಾಗಿ ನಾಲ್ಕು ವರ್ಷದಲ್ಲಿ ದಾನೇಶ್ವರಿ ಒಂದು ಹೊತ್ತಿನ ಊಟವನ್ನೂ ಯಾರಿಗೂ ಉತ್ತರ ಕೊಡದೆ ಉಂಡಿರಲಿಲ್ಲ. ಮುಂದಿನ ಬಾಗಿಲಲ್ಲಿ ಗಂಡನ ಪೇಷಂಟುಗಳು, ಹಿಂದಿನ ಬಾಗಿಲಲ್ಲಿ ಉದ್ದವ್ವ, ನಡುವೆ ಟೀವಿ ಧಾರಾವಾಹಿಯನ್ನು ಕಾಣದೆ ಬರೀ ಕೇಳುವ ಅತ್ತೆ ಬಾಳವ್ವ. ಕಾಣುವುದಿಲ್ಲವಾದ್ದರಿಂದ ಟೀವಿ ದನಿ ದೊಡ್ಡದು ಇರಬೇಕು. ಮತ್ತೆ ಈಗ ಬಂದವಳು ಯಾರು, ಉಟ್ಟ ಸೀರೆ ಯಾವ ಬಣ್ಣದ್ದು ಅಂತ ಸೊಸೆ ಹೇಳುತ್ತಿರಬೇಕು.

ಅವತ್ತು ಸಂಜೆ ಶಿವಪುತ್ರ ಬಂದಾಗ ದಾನೇಶ್ವರಿ ಜಗಳ ತೆಗೆಯಲಿಲ್ಲ, ಅಳಲೂ ಇಲ್ಲ. ಅದಕ್ಕೇ ಅವನು ಹೆದರಿದ.

"ನನಗ ಎರಡು ದಿನ ಯಾರೂ ಇರಬಾರದು," ಎಂದಳು. "ಯಾರೂ ನನ್ನ ಮಾತಾಡಸಬಾರದು. ಯಾರೂ ಇಲ್ಲದ ಒಂದು ಜಾಗಾ ಸಿಗತೈತಿ ಅಂದ್ರ ಹೇಳ್ರಿ. ಇಲ್ಲಂದ್ರ ನಾ ತವರಮನಿಗಿ ಹೋಗತೇನಿ. ಯುಗಾದಿಗಿ ಬರತೇನಿ."

ಆಗಿನ್ನೂ ಜನವರಿ. ಶಿವಪುತ್ರ ಬೆರಳು ಮಡಚಿ ತಿಂಗಳು ಎಣಿಸಿ ನೋಡಿ ಗಾಬರಿಯಾದ. ಹೆಂಡತಿಯ ಮೇಲೆ ಅವನಿಗೆ ಖರೇನೇ ಜೀವ. ಅದನ್ನು ಬಾಯಿಬಿಟ್ಟು ಹೇಳಲು ಆ ಮನೆಯಲ್ಲಿ ಪುರಸೊತ್ತೂ ಇರಲಿಲ್ಲ, ಮೂಲೆಯೂ ಇರಲಿಲ್ಲ. ಹೀಗಾಗಿ ಅವನು ಎರಡು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹೂಡಿದ. ಮೊಬೈಲಿನಲ್ಲಿ ಯಾರೋ ಗಂಡಹೆಂಡತಿ ಅಡವಿಯಲ್ಲಿ ಟೆಂಟು ಹಾಕಿಕೊಂಡು, ಎದುರಿಗೆ ಒಲೆ ಹೂಡಿ ಚಹಾ ಕುಡಿಯುವ ವಿಡಿಯೋ ನೋಡಿದ್ದ. ದವಾಖಾನೆಯ ಔಷಧ ಅಂಗಡಿಯ ರಾಹುಲನ ಹತ್ತಿರ ಕಿತ್ತಳೆ ಬಣ್ಣದ ಒಂದು ಟೆಂಟಿತ್ತು. ಅದನ್ನು ಎರವಲು ತಂದ. ಶನಿವಾರ ನಸುಕಿನಲ್ಲಿ ತಾನು ಹೊರಟು ಒಳ್ಳೆ ಜಾಗ ಹುಡುಕುವುದು, ಮಧ್ಯಾಹ್ನ ಫೋನು ಮಾಡುವುದು, ಗೋಕಾಕದ ಗೆಳತಿ ಮೇಘಾಳ ಮನೆಗೆ ಹೋಗುತ್ತೇನೆಂದು ಹೇಳಿ ದಾನೇಶ್ವರಿ ಬಸ್ಸು ಹತ್ತುವುದು, ಗೋಕಾಕ ಸ್ಟ್ಯಾಂಡಿನಿಂದ ತಾನು ಅವಳನ್ನು ಗಾಡಿ ಮೇಲೆ ಕರೆದೊಯ್ಯುವುದು. ಇದನ್ನೆಲ್ಲ ಪಿಸುಮಾತಿನಲ್ಲಿ ಹೇಳಿದಾಗ ಅವಳು, ನೋಡ್ರಿ, ಸಿಕ್ಕರ ಛಲೋ, ಎಂದಳು. ಶಿವಪುತ್ರ ಇದನ್ನು ಒಪ್ಪಿಗೆ ಎಂದುಕೊಂಡ.

ಇಲ್ಲಿ ಅವನ ನೌಕರಿ ಬಗ್ಗೆ ಎರಡು ಮಾತು ಹೇಳಲೇಬೇಕು. ಶಿವಪುತ್ರ ಡಾಕ್ಟರನಲ್ಲ. ಡಾಕ್ಟರ್ ಸಂಘಮಿತ್ರಾ ಅವರ ಕಣ್ಣಿನ ದವಾಖಾನೆಯಲ್ಲಿ ಪೇಷಂಟುಗಳ ಕಣ್ಣಿಗೆ ಹನಿ ಹಾಕುವುದು, ಗೋಡೆಯ ಮೇಲಿನ ಅಕ್ಷರದ ಹಲಗೆ ಓದಿಸುವುದು ಅವನ ಕೆಲಸ. ತಿಂಗಳಿಗೊಮ್ಮೆ ಯಾವುದಾದರೂ ಹಳ್ಳಿಯಲ್ಲಿ ದವಾಖಾನೆಯಿಂದ ಪುಕ್ಕಟೆ ಕಣ್ಣಿನ ಕ್ಯಾಂಪು ನಡೆಯುತ್ತದೆ, ಅಲ್ಲಿಯೂ ಇವನೇ ಮುಂದೆ. ಹೀಗಾಗಿ ಮೂರು ತಾಲೂಕಿನಲ್ಲಿ ಇವನ ಮುಖ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಇವನನ್ನು ಕಂಡವರು ನಮಸ್ಕಾರ ಹೇಳುವುದಿಲ್ಲ. ಬೆರಳಿನಿಂದ ಕೆಳಗಿನ ರೆಪ್ಪೆ ಎಳೆದು, ಇದೊಂದೀಟ ನೋಡ್ರಿ ಅನ್ನುತ್ತಾರೆ. ಮತ್ತೆ ಈ ಸೀಮೆಯಲ್ಲಿ ಕ್ಯಾಂಪು ಅಂದರೆ ಕಣ್ಣಿನ ಕ್ಯಾಂಪೇ, ಬೇರೆ ಯಾವ ಕ್ಯಾಂಪೂ ಜನಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಶನಿವಾರ ನಸುಕಿನಲ್ಲಿ ಅವನು ಟೆಂಟಿನ ಚೀಲವನ್ನು ಗಾಡಿಗೆ ಬಿಗಿಯುತ್ತಿದ್ದಾಗ ಕಟ್ಟೆಯ ಮೇಲೆ ಕೂತಿದ್ದ ಬಾಳವ್ವ ಎಲ್ಲಿಗೆ ಎಂದು ಕೇಳಿದಳು. ಕ್ಯಾಂಪ್ ಐತಿ ಅವ್ವಾ, ನಾಳೆ ಸಂಜಿಕ ಬರತೇನಿ, ಎಂದುಬಿಟ್ಟ. ನಾಲಿಗೆಗೆ ರೂಢಿಯಾದ ಮಾತು, ತಾನೇ ಬಂತು.

"ನಾನೂ ಬರಲೇನಪಾ?" ಎಂದಳು ಬಾಳವ್ವ.

ಅವಳ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಆಪರೇಶನ್ ಮಾಡಬಹುದು ಅಂತ ಡಾಕ್ಟರು ಯಾವಾಗಲೋ ಹೇಳಿದ್ದರು. ಊರಮಂದಿಯ ಸಾವಿರ ಕಣ್ಣು ನೋಡಿದ ಶಿವಪುತ್ರನಿಗೆ ಅವ್ವನ ಕಣ್ಣಿಗೆ ಕತ್ತರಿ ಬೀಳುವುದೆಂದರೆ ಮಾತ್ರ ಕೈಕಾಲಲ್ಲಿ ಜೀವ ಇರುತ್ತಿರಲಿಲ್ಲ. ಮಳಿ ಮುಗೀಲಿ, ಚಳಿ ಮುಗೀಲಿ ಎಂದು ಮುಂದೆ ಹಾಕುತ್ತಲೇ ಬಂದಿದ್ದ. ಈಗಲೂ ಅವನು, ಇದು ಆಪರೇಶನ್ ಕ್ಯಾಂಪ್ ಅಲ್ಲ, ಬರೇ ಮೀಟಿಂಗ, ಅದೂ ಮಹಾರಾಷ್ಟ್ರದ ಗಡಿ ಆಚೆ, ಭಾಳ ದೂರ, ಅಂತ ಒಂದರ ಮೇಲೊಂದು ಸುಳ್ಳು ಪೇರಿಸಿದ. ಬಾಳವ್ವ ಗಾಡಿಯ ಸಪ್ಪಳ ಹೋದ ಕಡೆಗೆ ಮುಖ ಮಾಡಿ ಸುಮ್ಮನೆ ಕೂತಳು.

ಮೊದಲು ಹತ್ತರಗಿ ಕಡೆ ಹೋದ. ಹೈವೇದಿಂದ ಸ್ವಲ್ಪ ಒಳಗೆ ಹತ್ತಿಪ್ಪತ್ತು ಬೇವಿನ ಮರ ಒಟ್ಟಿಗೆ ನಿಂತದ್ದನ್ನು ಯಾವಾಗಲೋ ಬಸ್ಸಿನಿಂದ ನೋಡಿ ಇಟ್ಟಿದ್ದ. ಜಾಗ ಪರವಾಗಿಲ್ಲ ಅನಿಸಿತು. ಟೆಂಟು ಹಾಕುವುದು ಹೇಗೆಂದು ಕಲಿತಂತೆಯೂ ಆಗುತ್ತದೆ ಎಂದು ಬಿಚ್ಚಿದ. ಮುಕ್ಕಾಲು ತಾಸು ಅದರೊಡನೆ ಗುದ್ದಾಡಿ, ಮೂರು ಸಲ ಅದರೊಳಗೇ ಸಿಕ್ಕಿಬಿದ್ದು, ಕೊನೆಗೂ ನಿಲ್ಲಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಒಂದು ಲಾರಿ ನಿಂತಿತು. ಡ್ರೈವರು ಇಳಿದು ಬಂದು ಎರಡು ಕಟ್ ಚಾ ಎಂದ. ಇದು ಚಹಾದಂಗಡಿ ಅಲ್ಲ ಎಂದರೆ, ಹಂಗಾರ ನಾಷ್ಟಾ ಏನೈತಿ ಎಂದು ಕೇಳಿದ. ಇವನು ತಿಳಿಸಿ ಹೇಳುವುದರೊಳಗೆ ಅದರ ಹಿಂದೆ ಇನ್ನೆರಡು ಲಾರಿ ನಿಂತವು. ಮೂರನೆಯ ಡ್ರೈವರು ಇವನ ಮುಖ ನೋಡಿ ಗುರುತು ಹಿಡಿದು, ಕೆಳಗಿನ ರೆಪ್ಪೆ ಎಳೆದು ತೋರಿಸಿದ. ಶಿವಪುತ್ರ ಟೆಂಟನ್ನು ಮಡಚಲೂ ಬಾರದೆ ಹಾಗೇ ಮುದ್ದೆ ಮಾಡಿ ಗಾಡಿಗೆ ಕಟ್ಟಿಕೊಂಡು ಹೊರಟ.

ಗೋಕಾಕ ಜಲಪಾತದ ಕಡೆ ಜಾಗ ಇದ್ದೀತು ಎಂದು ಹೋದರೆ ಅಲ್ಲಿ ಶನಿವಾರದ ಮಂದಿ ಫೋಟೋ ತೆಗೆಸಿಕೊಳ್ಳಲು ಪಾಳಿ ಹಚ್ಚಿದ್ದರು. ಅಲ್ಲಿ ನಿಂತರೆ ಉದ್ದವ್ವನೇ ಮೇಲು ಅನಿಸಿತು. ಪೇಟೆಗೆ ಬಂದು ದಾನೇಶ್ವರಿಗೆ ಅಂತ ಅರ್ಧ ಕಿಲೋ ಕರದಂಟು, ಒಂದು ಮೊಳ ಅಬ್ಬಲಿಗೆ ಹೂ ಕೊಂಡು, ಮೂಡಲಗಿ ದಾರಿ ಹಿಡಿದ.

ಆ ದಾರಿಯಲ್ಲಿ ಎಡಕ್ಕೂ ಬಲಕ್ಕೂ ಕಬ್ಬು. ಕಟಾವಿನ ಹಂಗಾಮು. ಒಂದು ಕಡೆ ನೆರಳು ಕಂಡು ಗಾಡಿ ನಿಲ್ಲಿಸಿದ್ದೇ ತಡ, ಗುರುಲಿಂಗಪ್ಪ ಎಂಬ ರೈತ ಹೊಲದಿಂದ ಓಡಿಬಂದು ಅವನ ಗಾಡಿಯ ಮುಂದೆಯೇ ನಿಂತ. ಗಾಡಿಗೆ ಕಟ್ಟಿದ ಟೆಂಟು ನೋಡಿ ಅವನ ಮುಖ ಅರಳಿತ್ತು. ಕಬ್ಬು ಕಡಿಯುವ ಟೋಳಿಯವರು ಹೀಗೇ ಟೆಂಟು ಹೊತ್ತುಕೊಂಡು ಬರುತ್ತಾರೆ, ಗಂಡಹೆಂಡಿರ ಒಂದು ಜೋಡಿಗೆ ಒಂದು ಕೊಯ್ತಾ ಎನ್ನುತ್ತಾರೆ.

"ಎಷ್ಟು ಮಂದಿ ಅದೀರಿ?" ಎಂದ ಗುರುಲಿಂಗಪ್ಪ.

"ಇಬ್ಬರ್ರಿ. ನಾನು, ನಮ್ಮ ಮನಿಯಾಕಿ. ಆಕಿ ಮಧ್ಯಾಹ್ನದ ಬಸ್ಸಿಗಿ ಬರತಾಳ. ಎರಡು ದಿನ ಟೆಂಟ್ ಹಾಕಾಕ ಜಾಗಾ ಸಿಗತೈತೇನ್ರಿ?"

"ಜಾಗಾ ಬೇಕಾದಷ್ಟ ಐತಿ. ಖರೆ ಒಂದು ಕೊಯ್ತಾದಾಗ ಎರಡು ದಿನದಾಗ ನನ್ನ ನಾಲ್ಕ ಎಕರೆ ಹೆಂಗ ಮುಗೀತೈತಿ?"

ಅದು ತಿಳಿಯಲು ಶಿವಪುತ್ರನಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಅವನು ತಾನು ಯಾರೆಂದು ಹೇಳಿದ. ಗುರುಲಿಂಗಪ್ಪ ಬಲು ಬೇಜಾರು ಮಾಡಿಕೊಂಡ. ಹತ್ತು ದಿನದಿಂದ ಟೋಳಿಗಾಗಿ ಕಾದು ಕಾದು ಕಣ್ಣೇ ಸೋತಿವೆ ಅಂತ ಹೇಳಿ, ಹೇಗೂ ಬಂದಿದ್ದೀರಿ ಎಂದು ರೆಪ್ಪೆ ಎಳೆದು ತೋರಿಸಿದ. ಹೋಗುವಾಗ ಮಾತ್ರ ಉಪಕಾರ ಮಾಡಿದ. ಮಸಗುಪ್ಪಿಯ ಹೊಳೆ ದಂಡೆಗೆ ಭೀಮರಾಯ ಎಂಬಾತನ ತೋಪಿದೆ, ಎರಡೆಕರೆ ತುಂಬ ಹುಣಸೆ, ಬೇವು, ಅತ್ತಿ ಬೆಳೆದು ಅಡವಿಯಾಗಿದೆ, ಅಲ್ಲಿ ನರಪಿಳ್ಳೆಯೂ ಹೋಗುವುದಿಲ್ಲ, ಅಂತ ದಾರಿ ತೋರಿಸಿದ.

ಮಸಗುಪ್ಪಿಯ ತೋಪನ್ನು ನೋಡಿದಾಗ ಶಿವಪುತ್ರ ಬೆಳಗಿನಿಂದ ಮೊದಲ ಸಲ ನಕ್ಕ. ದೊಡ್ಡ ದೊಡ್ಡ ಹುಣಸೆಮರ, ನೆಲದ ಮೇಲೆ ಒಣಗಿದ ಎಲೆ, ಕೆಳಗೆ ಹೊಳೆಯ ನೀರು. ಒಂದು ಹಕ್ಕಿ ಬಿಟ್ಟರೆ ಸಪ್ಪಳವೇ ಇರಲಿಲ್ಲ. ದಾನೇಶ್ವರಿ ಈ ಮರದ ಬುಡಕ್ಕೆ ಕೂತು, ತಾಟಿನ ತುಂಬ ಹಾಕಿಕೊಂಡು, ಯಾರೂ ಏನೂ ಕೇಳದೆ ರೊಟ್ಟಿ ಉಣ್ಣುವುದು ಅವನ ಕಣ್ಣಿಗೆ ಕಟ್ಟಿತು. ಅವಳು ನಗುತ್ತಿರುವಂತೆಯೂ ಕಂಡಿತು.

ತೋಪಿನ ಮಾಲೀಕ ಭೀಮರಾಯ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಬಸ್ಸಿನ ಕಂಡಕ್ಟರಾಗಿ ಮೂವತ್ತು ವರ್ಷ ದುಡಿದು ರಿಟೈರಾದವನು. ಯಾರನ್ನು ಕಂಡರೂ ಹಿಂದೆ ಸರಿರಿ ಎನ್ನುವುದು ಇನ್ನೂ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಕ್ಯಾಂಪಿನಲ್ಲಿ ಅವನ ಕಣ್ಣು ಆಪರೇಶನ್ ಆದಾಗ ಹನಿ ಹಾಕಿದವನು ಇದೇ ಶಿವಪುತ್ರ. ನೋಡಿದ ತಕ್ಷಣ ಗುರುತು ಹಿಡಿದ. ಸದ್ಯ, ಇವನ ಕಣ್ಣು ಚೆನ್ನಾಗಿದ್ದವು, ರೆಪ್ಪೆ ಎಳೆಯಲಿಲ್ಲ.

"ಇಲ್ಲಿ ಕ್ಯಾಂಪ್ ಹಾಕಬೇಕಂತ ಮಾಡೇನ್ರಿ ಕಾಕಾ," ಎಂದ ಶಿವಪುತ್ರ.

ಭೀಮರಾಯ ಎದ್ದು ನಿಂತ. "ಯಾವತ್ತ?"

"ಇವತ್ತ. ಇವತ್ತ, ನಾಳೆ, ಎರಡ ದಿನ."

"ಮಂದಿ ಎಷ್ಟ ಬರತೀರಿ?"

"ಭಾಳ ಮಂದಿ ಬ್ಯಾಡ್ರಿ. ಇಬ್ಬರ. ಇನ್ನೊಬ್ರು ಸಂಜಿಕ ಬರತಾರ."

ಇನ್ನೊಬ್ಬರು ಎಂದರೆ ಡಾಕ್ಟರ್ ಬಾಯಿ, ಸಂಘಮಿತ್ರಾ ಅವರೇ, ಎಂದು ಭೀಮರಾಯ ತಿಳಿದ. ಶಿವಪುತ್ರ ಮುಂದೆ ಕೇಳಿದ್ದೆಲ್ಲ ಅದಕ್ಕೆ ತಕ್ಕಂತೆಯೇ ಇತ್ತು. ನೀರು ಸ್ವಚ್ಛ ಇದೆಯೇ ಎಂದು ಕೇಳಿದ. ಬಿಸಿಲು ಬೀಳಬಾರದು, ಧೂಳು ಏಳಬಾರದು, ಗದ್ದಲ ಅಂತೂ ಆಗಲೇಬಾರದು ಎಂದ. ಎರಡು ವರ್ಷದ ಹಿಂದೆ ಭೀಮರಾಯನ ಕಣ್ಣಿಗೆ ಪಟ್ಟಿ ಕಟ್ಟಿ ಡಾಕ್ಟರು ಹೇಳಿದ್ದೂ ಅಕ್ಷರಶಃ ಇದನ್ನೇ. ತನ್ನ ತೋಪಿಗೆ ಇಂಥ ಪುಣ್ಯದ ಕೆಲಸ ಬಂತಲ್ಲ ಎಂದು ಅವನು ಹಿಗ್ಗಿದ. ಬೇಕಾದರೆ ನಾಲ್ಕು ದಿನ ಇರ್ರಿ ಎಂದ.

"ಯಾರಿಗೂ ಹೇಳಬ್ಯಾಡ್ರಿ ಕಾಕಾ," ಎಂದ ಶಿವಪುತ್ರ, ಅವನ ಕೈ ಹಿಡಿದುಕೊಂಡು.

ಇದರಲ್ಲಿ ಭೀಮರಾಯನ ತಪ್ಪಿಲ್ಲ, ನಾನಂತೂ ಅವನ ಪಕ್ಷವೇ. ಕ್ಯಾಂಪಿನವರು ಯಾರಿಗೂ ಹೇಳಬೇಡಿ ಎಂದರೆ ಜಾಗ ಕಡಿಮೆ ಇದೆ, ನಿಮ್ಮವರಿಗಷ್ಟೇ ಹೇಳಿ ಎಂದೇ ಅರ್ಥ. ಭೀಮರಾಯನಿಗೆ ತನ್ನವರು ಎಂದರೆ ಮೊದಲು ಒಡಹುಟ್ಟಿದ ಅಕ್ಕ. ಅವಳನ್ನು ಹುಕ್ಕೇರಿಗೆ ಕೊಟ್ಟಿತ್ತು. ಹೆಸರು ಉದ್ದವ್ವ.

ಶಿವಪುತ್ರನಿಗೆ ಇದು ಹೇಗೆ ಗೊತ್ತಾಗಬೇಕು? ಅವನು ಹುಣಸೆಮರದ ಕೆಳಗೆ ಟೆಂಟು ನಿಲ್ಲಿಸಿ, ಒಳಗೆ ಚಾದರ ಹಾಸಿ, ತಲೆದಿಂಬಿನ ಜಾಗದಲ್ಲಿ ಕರದಂಟು, ಅದರ ಮೇಲೆ ಅಬ್ಬಲಿಗೆ ಇಟ್ಟ. ದೂರ ನಿಂತು ನೋಡಿದ. ಹೂವನ್ನು ಸ್ವಲ್ಪ ಸರಿಪಡಿಸಿದ. ಆಮೇಲೆ ದಾನೇಶ್ವರಿಗೆ ಫೋನು ಮಾಡಿ, ಜಾಗ ಸಿಕ್ಕಿತು, ನೀ ಹೇಳಿದ ಹಾಗೇ ಇದೆ, ಯಾರೂ ಅಂದರೆ ಯಾರೂ ಇಲ್ಲ, ಎರಡರ ಬಸ್ಸು ಹತ್ತು ಎಂದ. ಹೂಂ ಅಂದಳು. ಹಿಂದಿನಿಂದ ಟೀವಿಯಲ್ಲಿ ಯಾರೋ ಸತ್ತದ್ದಕ್ಕೆ ಅಳುತ್ತಿದ್ದದ್ದು ಜೋರಾಗಿ ಕೇಳುತ್ತಿತ್ತು.

ಬೆಳಗಿನ ದಣಿವಿಗೆ ಅಲ್ಲೇ ಒರಗಿದವನಿಗೆ ಜೋಂಪು ಹತ್ತಿತು. ಎಚ್ಚರಾದಾಗ ಮೂರೂವರೆ. ಗೋಕಾಕ ಸ್ಟ್ಯಾಂಡಿಗೆ ಹೋಗಬೇಕು. ದಡಬಡಿಸಿ ಎದ್ದು ನೋಡಿದರೆ ಎದುರಿಗೆ ಹದಿನೆಂಟು ಮಂದಿ ಸಾಲಾಗಿ ಕುಕ್ಕುರುಗಾಲಲ್ಲಿ ಕೂತಿದ್ದರು. ಎಲ್ಲರೂ ಮಸಗುಪ್ಪಿಯ ಮುದುಕರು, ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. ಅವನು ಎದ್ದದ್ದೇ ಹದಿನೆಂಟು ರೆಪ್ಪೆಗಳು ಒಮ್ಮೆಲೇ ಕೆಳಗೆ ಇಳಿದವು.

ಶಿವಪುತ್ರ ಇನ್ನೂ ಕನಸಿನಲ್ಲೇ ಇದ್ದೇನೆ ಎಂದುಕೊಂಡು ಕಣ್ಣು ಮುಚ್ಚಿ ತೆರೆದ. ಹತ್ತೊಂಬತ್ತನೆಯವಳು ಬಂದು ಕೂತಳು.

"ಹಿಂದ ಸರೀರಿ, ಮುಂದ ಜಾಗಾ ಬಿಡ್ರಿ," ಎನ್ನುತ್ತ ಭೀಮರಾಯ ಬಂದ. ಹೆಗಲಿಗೆ ಹಳೇ ಕಂಡಕ್ಟರ್ ಚೀಲ ಏರಿತ್ತು. ಗದ್ದಲ ಆಗಬಾರದೆಂದು ನಂಬರು ಹಾಕಿದ ಚೀಟಿ ನಾನೇ ಹರಿದು ಕೊಟ್ಟೇನಿ, ನೀವೇನೂ ಚಿಂತಿ ಮಾಡಬ್ಯಾಡ್ರಿ ಎಂದ. ಶಿವಪುತ್ರ ಅವನನ್ನು ಮರದ ಹಿಂದಕ್ಕೆ ಎಳೆದುಕೊಂಡು ಹೋಗಿ, ಇದು ಆ ಕ್ಯಾಂಪ್ ಅಲ್ಲ ಕಾಕಾ ಎಂದ. ಮತ್ಯಾವ ಕ್ಯಾಂಪ್ ಎಂದ ಭೀಮರಾಯ. ಹೆಂಡತಿಯ ಜೊತೆ ಎರಡು ದಿನ ಸುಮ್ಮನೆ ಕೂರುವ ಕ್ಯಾಂಪು ಅಂತ ಹೇಳಲು ಬಾಯಿ ತೆರೆದ. ಆ ಹತ್ತೊಂಬತ್ತು ಮುದುಕರ ಮುಖ ನೋಡಿ ಬಾಯಿ ಮುಚ್ಚಿದ.

ಗೋಕಾಕಕ್ಕೆ ಹೋಗಿ ಅರ್ಧ ತಾಸಿನಲ್ಲಿ ಬರುತ್ತೇನೆ ಎಂದು ಗಾಡಿ ಹತ್ತಿದರೆ ಭೀಮರಾಯ ಕೀಲಿ ತೆಗೆದು ಚೀಲಕ್ಕೆ ಹಾಕಿಕೊಂಡ. ಮಂದಿನ್ನ ಕೂಡಿಸಿ ಡ್ಯೂಟಿ ಬಿಟ್ಟು ಹೋಗಬಾರದು ಎಂದು ಬುದ್ಧಿ ಹೇಳಿದ. ಶಿವಪುತ್ರ ದಾನೇಶ್ವರಿಗೆ ಫೋನು ಮಾಡಿದ. ಎತ್ತಲಿಲ್ಲ. ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿರಬೇಕು, ಸಿಟ್ಟಿನಿಂದ ಎತ್ತುತ್ತಿಲ್ಲ ಎಂದುಕೊಂಡ. ಮತ್ತೆ ಮಾಡಿದ, ಎತ್ತಲಿಲ್ಲ. ಯುಗಾದಿ, ಅದರ ಆಚೆಯ ಬಸವ ಜಯಂತಿ, ಮುಂದಿನ ನಾಗರ ಪಂಚಮಿ ಎಲ್ಲ ಅವನ ಕಣ್ಣ ಮುಂದೆ ಒಂದೊಂದಾಗಿ ಹಾದು ಹೋದವು.

ಅಷ್ಟರಲ್ಲಿ ತೋಪಿನ ಬಾಯಿಗೆ ಒಂದು ಟೆಂಪೋ ಬಂದು ನಿಂತಿತು. ನಡೆಸುತ್ತಿದ್ದವನು ಶಿವಪುತ್ರನ ಓಣಿಯ ಮಾಲಿಂಗ. ಮೊದಲು ಇಳಿದವಳು ಉದ್ದವ್ವ. ಭೀಮರಾಯ ಅವಳನ್ನು ಅಕ್ಕಾ ಎಂದು ಕರೆದ. ಆ ಒಂದು ಮಾತಿನಲ್ಲಿ ಶಿವಪುತ್ರನಿಗೆ ಎಲ್ಲ ತಿಳಿದುಹೋಯಿತು. ಆಮೇಲೆ ಇಡೀ ಓಣಿ ಇಳಿಯಿತು. ಕಿರಾಣಿ ಅಂಗಡಿಯವರು, ಹಿಟ್ಟಿನ ಗಿರಣಿಯವರು, ಎದುರುಮನೆಯ ಮುದುಕಿ, ಅವಳ ತಂಗಿ. ಒಬ್ಬೊಬ್ಬರ ತಲೆಯ ಮೇಲೂ ಹಾಸಿಗೆ, ಕಂಕುಳಲ್ಲಿ ರೊಟ್ಟಿಗಂಟು. ಕಣ್ಣಿನ ಆಪರೇಶನ್ ಎಂದರೆ ಎರಡು ದಿನ ಇರಬೇಕಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಕೊನೆಗೆ ಮಾಲಿಂಗನ ಕೈ ಹಿಡಿದು ಬಾಳವ್ವ ಇಳಿದಳು. ಶಿವಪುತ್ರ ಓಡಿಹೋಗಿ ಇನ್ನೊಂದು ಕೈ ಹಿಡಿದುಕೊಂಡ. ಅವಳು ಆ ಕೈಯನ್ನು ತಡವಿ ನೋಡಿ ಮಗನೇ ಎಂದು ಖಾತ್ರಿ ಮಾಡಿಕೊಂಡಳು. ಬೈಯಲಿಲ್ಲ.

"ಊರ ಮಂದಿ ಕಣ್ಣಿಗೆಲ್ಲಾ ಔಷಧ ಹಾಕತಿ," ಎಂದಳು. "ನಾ ನಿನ್ನ ಕಣ್ಣಿಗಿ ಕಾಣಲಿಲ್ಲೇನೋ?"

ಶಿವಪುತ್ರನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಖರೆ ಏನಿತ್ತೋ ಅದನ್ನು ಹೇಳಿದರೆ, ಅವ್ವಾ, ನಿನ್ನನ್ನು ಬಿಟ್ಟು ಎರಡು ದಿನ ದೂರ ಇರಲೆಂದು ಇಷ್ಟೆಲ್ಲ ಮಾಡಿದೆ ಎಂದು ಹೇಳಬೇಕು. ಅದಕ್ಕಿಂತ ಈ ಸುಳ್ಳೇ ವಾಸಿ. ಜಾಗ ಪಕ್ಕಾ ಆದ ಮೇಲೆ ಕರೆದುಕೊಂಡು ಬರಲು ನಾನೇ ಬರುವವನಿದ್ದೆ ಎಂದ. ಬಾಳವ್ವ ಅದನ್ನು ನಂಬಿದಳು. ನಂಬಿ, ಸೆರಗಿನಿಂದ ಮಗನ ಹಣೆಯ ಬೆವರು ಒರೆಸಿದಳು. ಅದರಿಂದ ಅವನಿಗೆ ಹೊಡೆದದ್ದಕ್ಕಿಂತ ಹೆಚ್ಚು ನೋವಾಯಿತು.

ಇತ್ತ ಉದ್ದವ್ವ ಟೆಂಟಿನ ಸುತ್ತ ಎರಡು ಸುತ್ತು ಹಾಕಿ, ಇದೇ ಆಪರೇಶನ್ ಖೋಲಿ, ಚಪ್ಪಲ್ ಹೊರಗ ಬಿಡ್ರಿ ಎಂದು ಎಲ್ಲರಿಗೂ ಹೇಳಿದಳು. ತಾನೇ ಮೊದಲು ಒಳಗೆ ತೆವಳಿದಳು. ಆಮೇಲೆ ಒಂದು ಕೈಯಲ್ಲಿ ಅಬ್ಬಲಿಗೆ, ಇನ್ನೊಂದು ಕೈಯಲ್ಲಿ ಕರದಂಟಿನ ಡಬ್ಬಿ ಹಿಡಿದು ಹೊರಗೆ ಬಂದಳು.

"ಆಪರೇಶನ್ ಮಾಡಾಕ ಹೂವು ಯಾಕ ಬೇಕೋ ಶಿವಪುತ್ರಾ?"

"ಪೂಜಿಗ್ರಿ ಕಾಕು. ಮಶೀನಿಗಿ ಪೂಜಿ ಮಾಡತೇವ್ರಿ."

"ಕರದಂಟು?"

"ತಾಕತ್ತಿಗಿ," ಎಂದ ಶಿವಪುತ್ರ.

ಕರದಂಟು ನಂಬರಿನ ಪ್ರಕಾರ ಹಂಚಿಹೋಯಿತು. ಹೂವನ್ನು ಉದ್ದವ್ವ ಟೆಂಟಿನ ಬಾಗಿಲಿಗೆ ಕಟ್ಟಿದಳು. ಗಿರಣಿಯವರು ಮೂರು ಕಲ್ಲಿಟ್ಟು ಒಲೆ ಹೂಡಿ ಚಹಾಕ್ಕೆ ಇಟ್ಟರು. ವಿಡಿಯೋದಲ್ಲಿ ಕಂಡಂಥದ್ದೇ ಒಲೆ, ಅಂಥದ್ದೇ ಮರ, ಅಂಥದ್ದೇ ಟೆಂಟು. ಇಬ್ಬರ ಬದಲು ನಲವತ್ತೊಂದು ಮಂದಿ ಇದ್ದರು, ಅಷ್ಟೇ.

ಇನ್ನು ಉಳಿದದ್ದು ಒಂದೇ ದಾರಿ. ಡಾಕ್ಟರ್ ಸಂಘಮಿತ್ರಾ ಅವರಿಗೆ ಫೋನು ಮಾಡಿ, ನೌಕರಿ ಹೋದರೂ ಹೋಗಲಿ ಎಂದು ಎಲ್ಲ ಹೇಳಿಬಿಟ್ಟ. ಟೆಂಟು, ಹೆಂಡತಿ, ಅವ್ವ, ಭೀಮರಾಯನ ಚೀಟಿ, ಎಲ್ಲ. ಒಟ್ಟು ಎಷ್ಟು ಮಂದಿ ಎಂದು ಅವರು ಕೇಳಿದರು. ಎಣಿಸಿ ಹೇಳಿದ.

"ನಲವತ್ತೊಂದು ಮಂದಿ," ಎಂದರು ಡಾಕ್ಟರು. "ನಾವು ವಾರಗಟ್ಟಲೆ ಕರೆದರೂ ಇಪ್ಪತ್ತು ಮಂದಿ ಬರೋದಿಲ್ಲ. ಶಿವಪುತ್ರ, ನಾನು ನಾಳೆ ಬೆಳಿಗ್ಗೆ ಎಂಟಕ್ಕೆ ವ್ಯಾನ್ ತಗೊಂಡು ಬರತೀನಿ. ತಪಾಸಣಿ ಮಾಡಿ, ಬೇಕಾದವರನ್ನ ದವಾಖಾನಿಗೆ ಕರಕೊಂಡು ಹೋಗೋಣ. ನಿಮ್ಮ ತಾಯಿಯವರದು ಮೊದಲು. ಅಲ್ಲಿ ತನಕ ಒಬ್ಬರೂ ಹೋಗದ ಹಂಗ ನೋಡಿಕೊಳ್ಳೋದು ನಿಮ್ಮ ಜವಾಬ್ದಾರಿ."

ಕೆಲಸ ಹೋಗಲಿಲ್ಲ. ಹೋಗಿದ್ದರೆ ಗೋಕಾಕಕ್ಕಾದರೂ ಹೋಗಬಹುದಿತ್ತಲ್ಲ ಅಂತ ಶಿವಪುತ್ರ ಅಲ್ಲೇ ಕೂತುಬಿಟ್ಟ. ಡಾಕ್ಟರ್ ಬಾಯಿ ನಾಳೆ ಬರುತ್ತಾರೆ ಎಂದಾಗ ಜನ ಸಮಾಧಾನದಿಂದ ಹಾಸಿಗೆ ಬಿಚ್ಚಿದರು. ಬಾಳವ್ವ ಮರಕ್ಕೆ ಒರಗಿ, ನಾಳೆ ಆದರೆ ನಾಡಿದ್ದು ಧಾರಾವಾಹಿ ನಾನೇ ನೋಡಬಹುದೇನು ಎಂದು ಕೇಳಿದಳು. ನಾಡಿದ್ದು ಅಲ್ಲ, ಸ್ವಲ್ಪ ದಿನ ಆಗುತ್ತದೆ, ಖರೆ ನೋಡೇ ನೋಡತಿ ಎಂದ. ಆ ಮಾತು ಹೇಳುವಾಗ ಮಾತ್ರ ಅವನಿಗೆ ಹಿತ ಅನಿಸಿತು.

ಹೊತ್ತು ಮುಳುಗುವಾಗ ಹನ್ನೊಂದನೆಯ ಸಲ ಮಾಡಿದ ಫೋನನ್ನು ದಾನೇಶ್ವರಿ ಎತ್ತಿದಳು. ಶಿವಪುತ್ರ ಅವಳಿಗೆ ಮಾತಾಡಲು ಬಿಡದೆ, ತಪ್ಪಾತು, ನನ್ನ ಗಾಡಿ ಕೀಲಿ ಕಸಕೊಂಡಾರ, ಸ್ಟ್ಯಾಂಡಿನ್ಯಾಗ ಎಲ್ಲಿ ನಿಂತಿದ್ದಿ, ಮೇಘಾಳ ಮನಿಗಿ ಹೋಗು, ತವರಮನಿಗಿ ಮಾತ್ರ ಹೋಗಬ್ಯಾಡ, ಎಂದು ಒಂದೇ ಉಸಿರಿಗೆ ಬೇಡಿಕೊಂಡ.

"ಸ್ಟ್ಯಾಂಡಿನ್ಯಾಗ ಇಲ್ರಿ," ಎಂದಳು ದಾನೇಶ್ವರಿ. "ಮನ್ಯಾಗ ಅದೇನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ಕು ವರ್ಷದಲ್ಲಿ ಅವನು ಅಷ್ಟು ಮೆತ್ತಗಿನ ದನಿ ಕೇಳಿರಲಿಲ್ಲ. ಮತ್ತೇನೋ ಕಡಿಮೆಯಾಗಿದೆ ಅನಿಸಿ ಕಿವಿಗೊಟ್ಟು ಕೇಳಿದ. ಟೀವಿ ಇರಲಿಲ್ಲ, ಓಣಿಯ ಸಪ್ಪಳ ಇರಲಿಲ್ಲ. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಫೋನಿನಲ್ಲೇ ಕೇಳುತ್ತಿತ್ತು.

"ಮಧ್ಯಾಹ್ನ ಉದ್ದವ್ವ ಕಾಕು ಓಡಿ ಬಂದ್ರು," ಎಂದಳು ಅವಳು. "ಮಸಗುಪ್ಪ್ಯಾಗ ನಿನ್ನ ಗಂಡ ಕಣ್ಣಿನ ಕ್ಯಾಂಪ್ ಹಾಕ್ಯಾನಂತ, ಖರೇನ ಅಂತ ಕೇಳಿದ್ರು. ಅತ್ತಿಯವರು ನನ್ನ ಕಡೆ ಮುಖಾ ಮಾಡಿ ಕುಂತಿದ್ರು. ನಾ ಒಂದೀಟ ವಿಚಾರ ಮಾಡಿದೆ. ಖರೆ ಅಂದೆ."

"ಏನಂದಿ?"

"ಖರೆ ಅಂದೆ. ಅತ್ತಿಯವರ ಕಣ್ಣಂತೂ ಆಗಬೇಕಾಗಿತ್ತು, ನೀವು ಮುಂದ ಹಾಕಕೋತ ಇದ್ರಿ. ಮತ್ತ ಓಣ್ಯಾಗ ಕಣ್ಣಿದ್ದವರೆಲ್ಲಾ ಹೋಗ್ರಿ ಅಂದೆ. ಮಾಲಿಂಗಗ ಫೋನ್ ಮಾಡಿದಾಕಿ ನಾನ. ರೊಟ್ಟಿ ಕಟ್ಟಿದಾಕಿನೂ ನಾನ."

ಮತ್ತ ನಮ್ಮ ಜಾಗಾ, ಎಂದ ಶಿವಪುತ್ರ. ನಿನ್ನ ಸಲುವಾಗಿ ಬೆಳಗಿನಿಂದ ಮೂರು ತಾಲೂಕು ತಿರುಗಿ ಹುಡುಕಿದ್ದೆ, ನೀನೇ ಹೇಳಿದ್ದೆಯಲ್ಲ, ಎಂದ.

"ಯಾರೂ ಇಲ್ಲದ ಜಾಗಾ ಅಂದಿದ್ದೆ," ಎಂದಳು ದಾನೇಶ್ವರಿ. "ಯಾರೂ ಅಂದ್ರ ಯಾರೂ, ರೀ. ಅದರಾಗ ನೀವೂ ಬಂದ್ರಿ." ಆಮೇಲೆ, ಅವನಿಗೆ ನೋವಾಯಿತೇನೋ ಎಂದು ಇನ್ನಷ್ಟು ಮೆತ್ತಗೆ ಹೇಳಿದಳು. "ಈಗ ತಾಟಿನ ಮುಂದ ಕುಂತೇನಿ. ಎರಡ ದಿನ ಅಲ್ಲೇ ಇರ್ರಿ, ಮಂಗಳವಾರ ತನಕ ಇದ್ರೂ ನಡೀತೈತಿ. ಅತ್ತಿಯವರ ಗಂಟಿನ ತಳದಾಗ ನೋಡ್ರಿ. ಇಡತೇನಿ, ರೊಟ್ಟಿ ಆರತೈತಿ."

ಶಿವಪುತ್ರ ಅವ್ವನ ಗಂಟು ಬಿಚ್ಚಿದ. ತಳದಲ್ಲಿ ಅವನ ನೀಲಿ ಚಾದರ ನೀಟಾಗಿ ಮಡಚಿತ್ತು. ಅದರೊಳಗೆ ಎರಡು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಶ್ಶು, ದವಾಖಾನೆಯಿಂದ ಮನೆಗೆ ತಂದಿಟ್ಟಿದ್ದ ಅಕ್ಷರದ ಹಲಗೆ. ಹಲಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದನೋ, ಎದುರಿಗೆ ಭೀಮರಾಯ ಬಂದು ಬಗ್ಗಿ ಅವನ ಮುಖ ನೋಡಿದ. ಬೆರಳಿನಿಂದ ಶಿವಪುತ್ರನ ಕೆಳಗಿನ ರೆಪ್ಪೆಯನ್ನು ಎಳೆದು ನೋಡಿದ.

"ನೀರ ಸೋರಾಕತ್ತೈತಲ್ರಿ," ಎಂದು ಚೀಲದಿಂದ ಒಂದು ಚೀಟಿ ಹರಿದು ಅವನ ಕೈಗಿಟ್ಟ. "ನಲವತ್ತೆರಡು. ಹಿಂದ ಹೋಗಿ ಕುಂಡ್ರಿ."